ಇಳಿಜಾರು ಹತ್ತಿದ ಎಣ್ಣೆ

ಟ್ಯಾಂಕರಿನ ಮುಂದಿನ ಗಾಲಿ ರುಕ್ಮವ್ವನ ಪಾದಕ್ಕೆ ಗೇಣು ದೂರದಲ್ಲಿ ನಿಂತಿತು.

ಬ್ರೇಕಿನ ಸದ್ದಿಗೆ ಹೊಳೆದಂಡೆಯ ಜಾಲಿಮರದಿಂದ ಬೆಳ್ಳಕ್ಕಿಗಳು ಎದ್ದು ಹಾರಿದವು. ರುಕ್ಮವ್ವ ಏಳಲಿಲ್ಲ. ಹೊಳೆಯಂಚಿನ ಕಲ್ಲುಧಕ್ಕೆಗೆ ಇಳಿಯುವ ಹಾದಿಯ ನಟ್ಟನಡುವೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲು ಚಾಚಿ ಕುಳಿತಿದ್ದಳು. ಅವಳ ಹಿಂದೆ ಕೂಲಿವಸ್ತಿಯ ಹೆಂಗಸರು ಖಾಲಿ ಕೊಡಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ಕುಳಿತಿದ್ದರು.

ಚಾಲಕ ಗಂಗಾರಾಮ ಕಿಟಕಿಯಿಂದ ತಲೆ ಹೊರಹಾಕಿದ. "ಬಾಈ, ಬಾಜೂಲಾ ಹೋ. ಗಾಡಿ ಬಿಡು."

"ಸರಿಯೂದಿಲ್ಲ," ಎಂದಳು ರುಕ್ಮವ್ವ. "ಮುಂದ ಹೋಗಬೇಕಂದ್ರ ನನ್ನ ಮ್ಯಾಲಿಂದ ಹೋಗು. ಆಮ್ಯಾಲೆ ಅದನ್ನೂ ನನ್ನ ಗಂಡನ ಹೆಸರಿಗೆ ಹಚ್ಚರಿ."

ಕಳೆದ ವಾರ ಇದೇ ಧಕ್ಕೆಯಲ್ಲಿ ಟ್ಯಾಂಕರು ಖಾಲಿ ಮಾಡುವಾಗ ಪಂಪಿನ ಇಂಜಿನ್ನಿಗೆ ಹಾಕುವ ಕಪ್ಪು ಕ್ರೂಡ್ ಎಣ್ಣೆ ಮೆಟ್ಟಿಲುಗಳ ಮೇಲೆ ಹರಿದು ಕೃಷ್ಣೆಗೆ ಬಿದ್ದಿತ್ತು; ಕಾವಲುಗಾರ ಧರೆಪ್ಪ ಅದರಲ್ಲಿ ಜಾರಿ ತಲೆ ಒಡೆದುಕೊಂಡು ನೀರುಪಾಲಾದನೆಂದು, ಪೈಪು ಬಿಗಿಯದೆ ಬಿಟ್ಟವನು ಕೂಲಿ ಹುಲಿಗೆಪ್ಪನೆಂದು ಬರೆದುಕೊಂಡು ಪೊಲೀಸರು ಅವನನ್ನು, ರುಕ್ಮವ್ವನ ಗಂಡನನ್ನು, ಮಿರಜದ ಲಾಕಪ್ಪಿಗೆ ಹಾಕಿದ್ದರು.

ಅಂದಿನಿಂದ ಧಕ್ಕೆಯ ಕೆಳಗಿನ ವಸ್ತಿಗೆ ಕುಡಿಯುವ ನೀರಿಲ್ಲ. ಹೊಳೆಯಲ್ಲಿ ಮುಳುಗಿಸಿದ ಕೊಡ ಕರಿ ಉಂಗುರ ತೊಟ್ಟುಕೊಂಡೇ ಮೇಲೆ ಬರುತ್ತಿತ್ತು.

ಪತ್ತೇದಾರ ಜಯಪಾಲ ಮಗದುಮ್ಮ ಟ್ಯಾಂಕರಿನತ್ತ ನೋಡಲಿಲ್ಲ. ಅವನು ಧಕ್ಕೆಯ ಮೂಲೆಯಲ್ಲಿ ಮೊಣಕಾಲೂರಿ, ಒಟ್ಟಿದ್ದ ಸಿಮೆಂಟಿನ ಚೀಲಗಳಲ್ಲಿ ತುದಿಯದೊಂದನ್ನು ಎಬ್ಬಿಸುತ್ತಿದ್ದ.

ಜಯಪಾಲನಿಗೆ ನಲವತ್ತು ದಾಟಿತ್ತು. ಹಿಂದೆ ಸಾಂಗಲಿಯಲ್ಲಿ ಪೊಲೀಸ್ ಫೌಜದಾರನಾಗಿದ್ದ. ಮೇಲಿನವರು ಹೇಳಿದ ಹೆಸರನ್ನು ಆರೋಪಿಯ ಜಾಗದಲ್ಲಿ ಬರೆಯಲು ಒಪ್ಪದೆ ಕೆಲಸ ಬಿಟ್ಟು, ಮಿರಜದಲ್ಲಿ ಸಿತಾರು ಮಾಡುವವರ ಓಣಿಯ ಮಹಡಿಯೊಂದರಲ್ಲಿ ಖಾಸಗಿ ತನಿಖೆ ಮಾಡಿಕೊಂಡಿದ್ದ. ಅವನ ಮೆಟ್ಟಿಲು ಹತ್ತಿ ಬಂದ ರುಕ್ಮವ್ವ ಒಂದೇ ಮಾತು ಆಡಿದ್ದಳು. "ನನ್ನ ಗಂಡ ದಡ್ಡ ಇರಬಹುದು, ಕುಡುಕ ಇರಬಹುದು. ಆದ್ರ ಪೈಪ್ ಬಿಗಿಯೂದು ಮರೆಯಾಂವ ಅಲ್ಲ."

ಚೀಲದ ಅಡಿಯ ಹುಲ್ಲು ಬಿಳಿಚಿ ಹಳದಿಯಾಗಿತ್ತು. ಬೆರಳಿನಿಂದ ಕಿತ್ತರೆ ಕೊಳೆತ ವಾಸನೆ ಬಂತು. ಪಕ್ಕದ ಬಯಲಿನ ಹುಲ್ಲು ಹಸಿರಾಗಿಯೇ ಇತ್ತು.

ಜಯಪಾಲ ಆ ಹುಲ್ಲಿನ ಎಳೆಯೊಂದನ್ನು ಜೇಬಿಗೆ ಹಾಕಿಕೊಂಡು ಎದ್ದ.

ಗೌಂಡಿಗಳು ಹಾರೆ, ಬುಟ್ಟಿ ಹಿಡಿದು ಕಾಯುತ್ತಿದ್ದರು. ನೀರೆತ್ತುವ ಸಂಘದ ಚೇರಮನ್ ತವನಪ್ಪನವರ ಆಜ್ಞೆಯಾಗಿತ್ತು: ಟ್ಯಾಂಕರು ಖಾಲಿಯಾದ ಕೂಡಲೇ ಧಕ್ಕೆಯ ಹಳೆಯ ಹಾಸುಗಲ್ಲು ಕಿತ್ತು ಹೊಸ ಕಾಂಕ್ರೀಟು ಹಾಕಬೇಕು. ಇನ್ನೊಬ್ಬ ಬಡವ ಜಾರಿ ಸಾಯಬಾರದಂತೆ. ಅದಕ್ಕೆಂದೇ ಈಗ ಸಿಮೆಂಟು ತರಿಸಿದ್ದಂತೆ.

"ಇವತ್ತ ಕಿತ್ತರ ನಾಳೆ ಏನೂ ಉಳಿಯೂದಿಲ್ಲ," ಎಂದುಕೊಂಡ ಜಯಪಾಲ.

ದಂಡೆಯ ಮೇಲೆ ಆಗಲೇ ರೈತರು ಸೇರಿದ್ದರು. ಬೇಡಗದವರು, ಲಿಂಗನೂರಿನವರು. ಈ ಧಕ್ಕೆಯ ಪಂಪು ಎತ್ತಿದ ನೀರೇ ಅವರ ಹೊಲಗಳಿಗೆ ಹೋಗುತ್ತಿತ್ತು. ಹತ್ತಾರು ಹಳ್ಳಿಯವರು ಷೇರು ಕೂಡಿಸಿ ಕಟ್ಟಿದ ಸಹಕಾರಿ ಸಂಘ ಅದು. ಎಣ್ಣೆ ಸಿಗುವುದೇ ದುಸ್ತರವಾಗಿದ್ದ ಆ ವರ್ಷ ಪಂಪು ಒಂದು ವಾರದಿಂದ ನಿಂತಿತ್ತು.

ಬೇಡಗದ ಧೋಂಡಪ್ಪ ಎಂಬ ಮುದುಕ ಮುಂದೆ ಬಂದು ರುಕ್ಮವ್ವನೆದುರು ನಿಂತ. "ತಂಗಿ, ನನ್ನ ಎಲೆತೋಟ ಬಾಡಾಕ್ಹತ್ತೇತಿ. ನಿನ್ನ ಗಂಡಂದು ಕೋರ್ಟಿನಾಗ ನೋಡ್ಕೋ. ಗಾಡಿ ಯಾಕ ತಡೀತಿ?"

"ಕಾಕಾ, ನಿಮ್ಮ ಬಳ್ಳಿಗೆ ನೀರಿಲ್ಲಂತ ಬಂದೀರಿ. ನನ್ನ ಹಿಂದ ಕುಂತವರ ಕೊಡದಾಗೂ ನೀರಿಲ್ಲ. ಯಾರದ ಬಾಯಿ ಮೊದಲ?"

ಧೋಂಡಪ್ಪ ಆ ಖಾಲಿ ಕೊಡಗಳತ್ತ ನೋಡಿದ. ಅಷ್ಟರಲ್ಲಿ ಹಿಂದಿನಿಂದ ಜೀಪಿನ ಹಾರ್ನು ಕೇಳಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು.

ತವನಪ್ಪ ಇಳಿದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ, ಬಲು ಮೆತ್ತಗಿನ ದನಿ. ಅವರು ಯಾರನ್ನೂ ಏಕವಚನದಲ್ಲಿ ಕರೆದದ್ದಿಲ್ಲ. ಧರೆಪ್ಪ ಸತ್ತ ದಿನ ಅವರೇ ಮುಂದೆ ನಿಂತು, ಅಂತ್ಯಕ್ರಿಯೆಗೆ ಬೇಕಾದದ್ದನ್ನೆಲ್ಲ ಕೊಡಿಸಿ, ಡಾಕ್ಟರು ಕೊಯ್ದು ಕೊಟ್ಟ ಹೆಣವನ್ನು ಹೊತ್ತು ಮುಳುಗುವ ಮೊದಲೇ ಇದೇ ಹೊಳೆಯ ಘಾಟಿನಲ್ಲಿ ಸುಡಿಸಿದ್ದರು. ಊರೆಲ್ಲ ಅವರನ್ನು ಹೊಗಳಿತ್ತು.

ಅವರ ಹಿಂದೆ ಮಿರಜದ ಫೌಜದಾರನೂ ಇಳಿದ.

"ಜಯಪಾಲರ, ನಮಸ್ಕಾರ," ಎಂದರು ತವನಪ್ಪ. "ನಿಮ್ಮ ತಂದೆಯವರು ಈ ಸಂಘದ ಮೊದಲಿನ ಸಭಾಸದರು. ನಮ್ಮವರಾಗಿ ನೀವಽ ಹಿಂಗ ಎದುರು ನಿಂತರ ಹೆಂಗ್ರಿ?"

"ನಮ್ಮಪ್ಪ ಸಭಾಸದ ಇದ್ದದ್ದಕ್ಕ ಎದುರು ಬಂದು ಕೇಳಾಕ್ಹತ್ತೀನಿ," ಎಂದ ಜಯಪಾಲ. "ಇಲ್ಲಂದ್ರ ಕೋರ್ಟಿಗೇ ಹೋಗ್ತಿದ್ದೆ. ಒಂದು ಸಣ್ಣ ಪ್ರಯೋಗ ಮಾಡಬೇಕಾಗೇತಿ. ಅದು ಮುಗಿದ ಮ್ಯಾಲೆ ರುಕ್ಮವ್ವನ ನಾನಽ ಏಳಸ್ತೀನಿ."

"ಎಂಥಾ ಪ್ರಯೋಗ?" ಫೌಜದಾರ ಕೇಳಿದ.

"ಹೋದ ವಾರ ಗಾಡಿ ಎಲ್ಲಿ ನಿಂತಿತ್ತೋ ಅಲ್ಲೇ ನಿಲ್ಲಬೇಕು. ಪೈಪು ಎಲ್ಲಿ ಸೋರಿತೋ ಅಲ್ಲಿ ನೀರು ಸುರೀಬೇಕು. ಅಷ್ಟಽ."

ತವನಪ್ಪ ನಕ್ಕರು. "ಅದರಾಗ ಏನ ತಿಳೀತದ?"

"ತಿಳೀಲಿಲ್ಲಂದ್ರ ನಿಮಗ ನುಕಸಾನ ಏನೂ ಇಲ್ಲಲ್ರಿ."

ರೈತರು ಕೇಳುತ್ತ ನಿಂತಿದ್ದರು. ಬೇಡವೆನ್ನಲು ತವನಪ್ಪನವರಿಗೆ ಕಾರಣ ಸಿಗಲಿಲ್ಲ. ಅವರು ಚಾಲಕನಿಗೆ ಕೈಸನ್ನೆ ಮಾಡಿದರು.

ರುಕ್ಮವ್ವ ಜಯಪಾಲನ ಮುಖ ನೋಡಿ, ಅವನು ತಲೆಯಾಡಿಸಿದ ಮೇಲಷ್ಟೇ ಎದ್ದಳು.

ಧಕ್ಕೆಯೆಂದರೆ ಹೊಳೆಯ ಅಂಚಿಗೆ ಕಲ್ಲು ಹಾಸಿದ ಅಗಲವಾದ ಕಟ್ಟೆ. ಎಡಕ್ಕೆ ನೀರಿಗೆ ಇಳಿಯುವ ಮೆಟ್ಟಿಲು. ಬಲಕ್ಕೆ ಪಂಪ್‌ಹೌಸಿನ ಗೋಡೆ, ಗೋಡೆಯ ಬುಡದಲ್ಲಿ ಒಂದು ಗಟಾರ. ಟ್ಯಾಂಕರಿನ ಪೈಪು ಸಂಘದ ಪೈಪಿಗೆ ಸೇರುವ ಜೋಡಣೆ ಕಟ್ಟೆಯ ನಡುವೆ ಇತ್ತು.

ಹೋದ ವಾರವೂ ಗಾಡಿ ತಂದವನು ಗಂಗಾರಾಮನೇ. ಅವನು ಅದನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿ, ಪೈಪು ಹೊರಳಿಸಿಕೊಂಡು ಬಂದು ಜೋಡಣೆಯ ಪಕ್ಕಕ್ಕೆ ಇಟ್ಟ.

"ಇಲ್ಲೇ ಸೋರಿದ್ದಾ?" ಜಯಪಾಲ ಕೇಳಿದ.

"ಹೋಯ್ ಸಾಹೇಬ. ಇಥೂನಚ. ಇಲ್ಲಿಂದಽ."

"ನೀ ಕಣ್ಣಾರೆ ನೋಡಿದಿ?"

ಗಂಗಾರಾಮ ಚೇರಮನ್ನರ ಕಡೆಗೊಮ್ಮೆ ನೋಡಿ ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಜಯಪಾಲ ಹೆಂಗಸರ ಕಡೆಗೆ ತಿರುಗಿದ. "ಅಕ್ಕಾ, ಕೊಡ ತುಂಬ್ಕೊಂಡು ಬರ್ರಿ. ಇಲ್ಲೇ ಸುರುವ್ರಿ."

ರುಕ್ಮವ್ವ ಮೊದಲು ಇಳಿದಳು. ಎಣ್ಣೆಯ ಪದರನ್ನು ಕೈಯಿಂದ ಅತ್ತ ಸರಿಸಿ ಕೊಡ ಮುಳುಗಿಸಿ, ಹೆಗಲಿಗೇರಿಸಿಕೊಂಡು ಬಂದು, ಜೋಡಣೆಯ ಬಾಯಿಗೆ ಬೋರಲು ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು.

ನೀರು ಕಲ್ಲಿನ ಮೇಲೆ ಒಂದು ಕ್ಷಣ ಹರಡಿ ನಿಂತಿತು. ಆಮೇಲೆ ಬಲಕ್ಕೆ ಹೊರಟಿತು.

ಬೆನ್ನು ಬಗ್ಗಿಸಿ ನೋಡುತ್ತಿದ್ದ ರೈತರು ಇನ್ನಷ್ಟು ಬಗ್ಗಿದರು. ಹೆಂಗಸರು ಸುರಿಯುತ್ತಲೇ ಇದ್ದರು. ನೀರು ಹಾಸುಗಲ್ಲಿನ ಸಂದಿಗಳನ್ನು ತುಂಬುತ್ತ, ಪಂಪ್‌ಹೌಸಿನ ಗೋಡೆಯ ಕಡೆಗೆ ಹರಿದು, ಗಟಾರಕ್ಕೆ ಬಿದ್ದು, ದಂಡೆಯಾಚೆಯ ಗುಂಡಿಗೆ ಇಳಿದುಹೋಯಿತು. ಎಡಗಡೆಯ ಮೆಟ್ಟಿಲಿನ ಅಂಚು ಒಣಗಿಯೇ ಇತ್ತು.

"ಧಕ್ಕೆ ಕಟ್ಟಿದಾಂವ ಶಾಣ್ಯಾ ಇದ್ದ," ಎಂದ ಜಯಪಾಲ. "ಎಣ್ಣೆ ಸೋರಿದರ ಹೊಳೀಗೆ ಬೀಳಬಾರದಂತ ಬೇಕಂತಲೇ ಗ್ವಾಡಿ ಕಡೆ ಇಳಿಜಾರ ಕೊಟ್ಟಾನ. ಫೌಜದಾರರ, ಹೋದ ವಾರ ಎಣ್ಣೆ ಯಾವ ಕಡೆ ಹೋತು ಅಂತ ನಿಮ್ಮ ಪಂಚನಾಮೆಯೊಳಗ ಐತಿ?"

ಫೌಜದಾರ ಒಣ ಮೆಟ್ಟಿಲಿನತ್ತ ನೋಡಿದ. "ಮೆಟ್ಟಿಲ ಕಡೆ."

"ಅಂದರ ಇಳಿಜಾರ ಹತ್ತಿ ಹೋತು."

ತವನಪ್ಪನವರ ಮುಖದ ನಗು ಮಾಸಲಿಲ್ಲ. "ನೀರು ಬ್ಯಾರೆ, ಎಣ್ಣೆ ಬ್ಯಾರೆ, ಜಯಪಾಲರ. ಎಣ್ಣೆ ದಪ್ಪ ಇರ್ತದ. ಅದು ಎಲ್ಲಾ ಕಡೆ ಹಬ್ಬತದ."

"ಅದನ್ನೂ ನೋಡೇ ಬಿಡೋಣ. ಗಂಗಾರಾಮ, ಒಂದು ಡಬ್ಬಿ ಎಣ್ಣೆ ತಗಿ."

ಗಂಗಾರಾಮ ಕದಲಲಿಲ್ಲ. ಆಗ ಧೋಂಡಪ್ಪ ತಾನೇ ಹೋಗಿ ಟ್ಯಾಂಕರಿನ ನಲ್ಲಿಗೆ ಡಬ್ಬಿ ಹಿಡಿದ. ಎಲೆತೋಟದ ಕಾಲುವೆಗಳಲ್ಲಿ ಆಯುಷ್ಯ ಕಳೆದ ಮುದುಕ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೆಲ್ಲಗೆ ಸುರಿದ. ಕಪ್ಪು ಎಣ್ಣೆ ಕಲ್ಲಿನ ಮೇಲೆ ಹಾವು ಹೊರಳಿದಂತೆ ಹೊರಳಿ, ನಿಧಾನವಾಗಿ, ಗೋಡೆಯ ಕಡೆಗೇ ತೆವಳಿತು.

ಧೋಂಡಪ್ಪ ಡಬ್ಬಿ ಕೆಳಗಿಟ್ಟು ಚೇರಮನ್ನರ ಕಡೆ ನೋಡಿದ. ಟೋಪಿ ತೆಗೆದು ಬೆವರು ಒರೆಸಿಕೊಂಡು, ರೈತರ ಗುಂಪಿಗೆ ಮರಳದೆ, ಹೆಂಗಸರಿದ್ದ ಕಡೆ ಹೋಗಿ ನಿಂತ.

ಆ ನಾಲ್ಕು ಹೆಜ್ಜೆ ಎಲ್ಲರಿಗೂ ಕಂಡವು.

"ಮೆಟ್ಟಿಲ ಮ್ಯಾಲೆ ಎಣ್ಣೆ ತಾನಾಗಿ ಬರಲಿಲ್ಲ," ಜಯಪಾಲ ಜನರಿಗೆಲ್ಲ ಕೇಳುವಂತೆ ಹೇಳಿದ. "ಯಾರೋ ಪೈಪು ಹಿಡಿದು ಸುರಿದಾರ. ಹೊಳಿ ಕೆಡತೈತಿ ಅನ್ನೂದು ಗೊತ್ತಿದ್ದೂ ಸುರಿದಾರ. ಯಾಕ? ಜಾರಿ ಬಿದ್ದ ಅಂತ ಹೇಳಾಕ ಮೆಟ್ಟಿಲು ಜಾರಬೇಕಿತ್ತು."

"ಅಂದಾಜಿನ ಮಾತು," ಎಂದರು ತವನಪ್ಪ.

"ಹೆಣ ಕೊಯ್ದ ಡಾಕ್ಟರು ಅಂದಾಜು ಹೇಳಲಿಲ್ರಿ. ಮೈ ತುಂಬ ಎಣ್ಣೆ, ಮುಖ ತುಂಬ ಎಣ್ಣೆ, ಗುರುತು ಹತ್ತದಷ್ಟು ಎಣ್ಣೆ. ಆದ್ರ ಅಂಗಾಲಿಗೆ ಒಂದು ಕಲೆ ಇದ್ದಿಲ್ಲ. ಎಣ್ಣ್ಯಾಗ ಕಾಲಿಡದಾಂವ ಎಣ್ಣ್ಯಾಗ ಹೆಂಗ ಜಾರಿದ?"

ದಂಡೆಯ ಮೇಲೆ ಗುಸುಗುಸು ಹಬ್ಬಿತು. ಫೌಜದಾರ ಬೂಟಿನ ತುದಿಯಿಂದ ಕಲ್ಲು ಕೆದರುತ್ತ ನಿಂತ. ಆ ವರದಿ ಅವನ ಮೇಜಿನ ಮೇಲೂ ಇತ್ತು. ಅವನು ಅದನ್ನು ಓದಿದ್ದ.

ಜಯಪಾಲ ಜೇಬಿನಿಂದ ಹಳದಿ ಹುಲ್ಲು ತೆಗೆದ.

"ಇನ್ನೊಂದು ಮಾತು, ಚೇರಮನ್ನರ. ಈಗ ಸಿಮೆಂಟಿಗೆ ಪರ್ಮಿಟ್ ಬೇಕು. ಮನಿ ಕಟ್ಟಾವರು ತಿಂಗಳಗಟ್ಟಲೆ ಕಚೇರಿ ಕಟ್ಟಿ ಕಾಯಾಕ್ಹತ್ತಾರ. ಧರೆಪ್ಪ ಸತ್ತ ಮ್ಯಾಲೆ ಕನಿಕರ ಹುಟ್ಟಿ ತರಸಿದ್ದು ಅಂದ್ರಿ. ಆದ್ರ ಚೀಲದ ಬುಡಕಿನ ಹುಲ್ಲು ಕೊಳೆತೈತಿ; ನಾಕೈದ ದಿನದಾಗ ಹಿಂಗ ಕೊಳಿಯೂದಿಲ್ಲ. ಈ ಸಿಮೆಂಟು ಧರೆಪ್ಪ ಜೀವಂತ ಇದ್ದಾಗಲೇ ಇಲ್ಲಿಗೆ ಬಂದೈತಿ. ಅಪಘಾತ ಆಗ್ತೈತಿ, ಆದ ಮ್ಯಾಲೆ ಕಲ್ಲು ಕೀಳಬೇಕಾಗ್ತೈತಿ, ಅಂತ ಮೊದಲಽ ಗೊತ್ತಿದ್ದಾಂವ ಯಾರು?"

ತವನಪ್ಪ ಚೀಲಗಳ ಕಡೆ ನೋಡಿದರು.

"ಪಂಪ್‌ಹೌಸಿನ ದುರಸ್ತಿಗೆ ತರಸಿದ್ದು," ಎಂದರು. "ಆಡಳಿತ ಮಂಡಳಿಗೆ ಗೊತ್ತದ."

"ಗೌಂಡಿಗಳಿಗೆ ನೀವು ಬ್ಯಾರೆ ಹೇಳಿ ಕಳಿಸಿದ್ರಿ."

"ನೋಡ್ರಿ." ತವನಪ್ಪ ದನಿ ಏರಿಸಲಿಲ್ಲ, ಒಂದು ಹೆಜ್ಜೆ ಹತ್ತಿರ ಬಂದರು. "ನಾವು ಈ ನೀರು ಎತ್ತೋದಕ್ಕಿಂತ ಮೊದಲ ಬೇಡಗ, ಲಿಂಗನೂರದಾಗ ಏನಿತ್ತು? ಕುಸಬಿ ಬಿತ್ತಿ ಮುಗಿಲು ನೋಡ್ತಿದ್ರು. ಸಂಘ ಕಟ್ಟಿದವರ ಮ್ಯಾಲೆ ಹಿಂಗ ಕೆಸರು ಎರಚಿದರ ಸಂಘ ಮುರೀತದ. ಸಂಘ ಮುರಿದರ ಈ ಎಲ್ಲಾರ ಹೊಲ ಒಣಗತಾವ. ಒಬ್ಬ ಕೂಲಿಯವನ ಸಲುವಾಗಿ ಇಷ್ಟು ಮಂದಿ ಅನ್ನಕ್ಕ ಕಲ್ಲು ಹಾಕ್ತೀರೇನು?"

ಜಯಪಾಲ ಬಾಯಿ ತೆರೆಯುವ ಮೊದಲೇ ರುಕ್ಮವ್ವ ಮುಂದೆ ಬಂದಳು. ಕೊಡದ ನೀರಿನಿಂದ ಅವಳ ಸೀರೆ ತೋಯ್ದಿತ್ತು. ಮೊಣಕೈವರೆಗೆ ಎಣ್ಣೆಯ ಕಪ್ಪು.

"ಸಂಘ ನೀವು ಕಟ್ಟಿದ್ರಿ, ಖರೇ," ಎಂದಳು. "ಕಲ್ಲು ಹೊತ್ತದ್ದು ಯಾರು? ಈ ಧಕ್ಕೆಯ ಕಲ್ಲು ನನ್ನ ಅತ್ತಿ ಹೊತ್ತಾಳ, ನಾ ಹೊತ್ತೀನಿ. ಆ ಪೈಪಿನ ತೆಗ್ಗು ಹುಲಿಗೆಪ್ಪ ತೋಡ್ಯಾನ. ಅಥಣಿ ಕಡೆಯಿಂದ ಹೊಟ್ಟಿ ಕಟ್ಕೊಂಡು ಬಂದವರು ನಾವು, ಯಾರ ಅನ್ನಕ್ಕೂ ಕಲ್ಲು ಹಾಕೂದಿಲ್ಲ. ಆದ್ರ ನಿಮ್ಮ ಸಂಘ ಉಳಿಸಾಕ ನನ್ನ ಗಂಡನ ಬಲಿ ಬೇಕಂದ್ರ ಕೊಡೂದಿಲ್ಲ. ಈ ಧಕ್ಕಿ ಕೀಳಾಕ ಹಾರಿ ಎತ್ತಿದಾಂವ ಮೊದಲ ನನ್ನ ಕೀಳಬೇಕು."

ಅವಳು ಹೋಗಿ ಆ ಜೋಡಣೆಯ ಮೇಲೆಯೇ ಕುಳಿತುಬಿಟ್ಟಳು. ವಸ್ತಿಯ ಹೆಂಗಸರು ಒಬ್ಬೊಬ್ಬರಾಗಿ ಅವಳ ಸುತ್ತ ಕುಳಿತರು. ಎಣ್ಣೆಯಾದ ಕಲ್ಲು, ನೀರಾದ ಕಲ್ಲು ಎಂದು ಯಾರೂ ನೋಡಲಿಲ್ಲ.

ಗೌಂಡಿಗಳಲ್ಲಿ ಹಿರಿಯನಾದವನು ಹಾರೆಯನ್ನು ನೆಲಕ್ಕಿಟ್ಟ.

ಜಯಪಾಲ ಗಂಗಾರಾಮನ ಹೆಗಲ ಮೇಲೆ ಕೈ ಇಟ್ಟ. "ಈಗ ನೀ ಹೇಳು. ಪೈಪು ಸೋರಿದ್ದನ್ನ ನೋಡಿದಿ?"

ಗಂಗಾರಾಮನ ಕಣ್ಣು ಕುಳಿತ ಹೆಂಗಸರ ಮೇಲಿತ್ತು. ಕುಪವಾಡದ ಕಾರ್ಖಾನೆ ವಸಾಹತಿನ ಮಾಲೀಕರೊಬ್ಬರ ಗಾಡಿ ಓಡಿಸುತ್ತಿದ್ದವನು; ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

"ನಾಹೀ," ಎಂದ ಕಡೆಗೆ. "ನಾ ನೋಡಿಲ್ಲ. ಹುಲಿಗೆಪ್ಪ ಪೈಪ್ ಬಿಗಿದ. ಚಾಂಗಲಾ, ಗಟ್ಟಿ ಬಿಗಿದ. ಆಮ್ಯಾಲೆ ನಮ್ಮಿಬ್ಬರಿಗೂ ಹೇಳಿದ್ರು, ಮ್ಯಾಲಿನ ಅಂಗಡಿಗೆ ಹೋಗಿ ಚಹಾ ಕುಡದ ಬರ್ರಿ ಅಂತ. ಬರೂದ್ರಾಗ ಎಣ್ಣಿ ಹರಿದಿತ್ತು. ಹೆಣ ತೇಲ್ತಿತ್ತು."

"ಚಹಾ ಕುಡದ ಬರ್ರಿ ಅಂದವರು ಯಾರು?"

ಗಂಗಾರಾಮನ ಕಣ್ಣು ಮತ್ತೆ ಚೇರಮನ್ನರ ಕಡೆ ಹೋಯಿತು.

"ಸಾಕು," ಎಂದರು ತವನಪ್ಪ. ಈಗ ದನಿಯಲ್ಲಿ ಮೆದುತನ ಉಳಿದಿರಲಿಲ್ಲ. "ಫೌಜದಾರ ಸಾಹೇಬರ, ಇದು ಜಾತ್ರಿ ಅಲ್ಲ. ಈ ನಾಟಕಕ್ಕ ಉತ್ತರ ಕೊಡೂ ಹಕ್ಕು ಒಬ್ಬರಿಗಽ ಅದ. ಗಂಡನ್ನ ಕಳಕೊಂಡ ಹೌಸಾಬಾಯಿಗೆ. ಅಕಿನ್ನ ಕರಕೊಂಡ ಬರಾಕ ನಾ ಮುಂಜಾನೇನ ಲಿಂಗನೂರಿಗೆ ಇನ್ನೊಂದು ಜೀಪ್ ಕಳಿಸೀನಿ. ಈ ಹೆಂಗಸರು ಯಾರ ಪರವಾಗಿ ಕುಂತಾರ ಅನ್ನೂದನ್ನ ಅಕಿ ಬಾಯಿಂದಽ ಕೇಳಲಿ."

ಜಯಪಾಲನಿಗೆ ಇದು ಗೊತ್ತಿರಲಿಲ್ಲ. ಧರೆಪ್ಪನ ಹೆಂಡತಿಯನ್ನು ಕಾಣಲು ಅವನು ಲಿಂಗನೂರಿಗೆ ಹೋಗಿದ್ದ. ಬಾಗಿಲಲ್ಲಿ ಕುಳಿತ ಸಂಘದ ಆಳುಗಳು ಒಳಗೆ ಬಿಟ್ಟಿರಲಿಲ್ಲ. ಹುಲಿಗೆಪ್ಪನ ನಿಷ್ಕಾಳಜಿಯಿಂದಲೇ ಗಂಡ ಸತ್ತನೆಂದು ಅವಳು ಹೆಬ್ಬೆಟ್ಟು ಒತ್ತಿದ್ದಾಳೆಂಬುದಷ್ಟೇ ತಿಳಿದಿತ್ತು. ವಿಧವೆಯ ಒಂದು ಅಳುವಿಗೆ ಇಲ್ಲಿಯ ಲೆಕ್ಕವೆಲ್ಲ ಬುಡಮೇಲಾಗಬಹುದು. ರೈತರು ಮತ್ತೆ ಆ ಕಡೆ ವಾಲಿಯಾರು.

ಜೀಪು ಬಂದು ನಿಂತಿತು.

ಹೌಸಾಬಾಯಿ ಇಳಿದಳು. ಮೂಗಿನವರೆಗೆ ಸೆರಗು ಎಳೆದುಕೊಂಡಿದ್ದಳು. ಎರಡೂ ಕೈ ಸೆರಗಿನೊಳಗೇ ಇದ್ದವು. ಜನ ಕನಿಕರದಿಂದ ದಾರಿ ಬಿಟ್ಟರು. ಧೋಂಡಪ್ಪ ಕಣ್ಣೊರೆಸಿಕೊಂಡ. ರುಕ್ಮವ್ವ ಕುಳಿತಲ್ಲಿಂದ ಅವಳನ್ನು ನೋಡಿದಳು; ಮೊದಲ ಸಲ ಅವಳ ಮುಖದಲ್ಲಿ ಅಳುಕು ಕಂಡಿತು.

"ಬರ್ರಿ ತಂಗಿ," ತವನಪ್ಪನವರ ದನಿ ಮತ್ತೆ ಬೆಣ್ಣೆಯಾಯಿತು. "ಹೆದರಬ್ಯಾಡ್ರಿ. ನಿಮ್ಮ ಗಂಡನ ಸಾವಿಗೆ ಯಾರು ಕಾರಣ, ಇವರ ಮುಂದ ಒಂದು ಮಾತು ಹೇಳ್ರಿ."

ಹೌಸಾಬಾಯಿ ಕಟ್ಟೆಯ ನಡುವೆ ಬಂದು ನಿಂತಳು. ಕುಳಿತ ಹೆಂಗಸರನ್ನು ನೋಡಿದಳು. ಆಮೇಲೆ ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿದಳು.

ಅವಳ ಹಣೆಯ ಮೇಲೆ ರೂಪಾಯಿಯಗಲ ಕುಂಕುಮವಿತ್ತು. ಕೈ ಹೊರತೆಗೆದಾಗ ಮುಂಗೈ ತುಂಬ ಹಸಿರು ಬಳೆ ಸದ್ದು ಮಾಡಿದವು.

ದಂಡೆಯ ಮೇಲಿನ ಜನ ಒಂದು ಹೆಜ್ಜೆ ಮುಂದೆ ಒತ್ತಿದರು.

"ಹೌಸಾಬಾಯಿ," ಫೌಜದಾರ ತೊದಲಿದ, "ಇದೇನು ವೇಷ?"

"ವೇಷ ಹಾಕಿದ್ದು ಹೋದ ವಾರ," ಎಂದಳು ಅವಳು. "ಇದು ನನ್ನ ಖರೇ ಮುಖ. ನನ್ನ ಬಳಿ ಒಡಿಸಿದ್ರಿ, ಕುಂಕುಮ ಒರಿಸಿದ್ರಿ, ಓದಾಕ ಬಾರದವಳ ಹೆಬ್ಬೆಟ್ಟು ಹಿಡಿದು ಒತ್ತಿಸಿದ್ರಿ. ಹೆಣದ ಹತ್ತಿರ ಮಾತ್ರ ಬಿಡಲಿಲ್ಲ. ಎಣ್ಣಿ ಮುಖ, ನೋಡಬ್ಯಾಡ ಅಂದ್ರಿ. ನಾ ದೂರ ನಿಂತು ಅವನ ಕಾವಲಿನ ಖಾಕಿ ಕೋಟು ನೋಡಿ ಅತ್ತೆ. ಚಿತಿಗೆ ಎತ್ತಿಡೂ ಮುಂದ ಬಟ್ಟ್ಯಾಗಿಂದ ಬಲಗೈ ಹೊರಗ ಬಿತ್ತು. ಐದೂ ಬೆರಳ ಇದ್ದವು."

ಅವಳು ತನ್ನ ಬಲಗೈ ಎತ್ತಿ, ಕಿರುಬೆರಳನ್ನು ಮಡಚಿ ತೋರಿಸಿದಳು.

"ನನ್ನ ಗಂಡನ ಕಿರುಬೆರಳು ಕಬ್ಬಿನ ಗಾಣದಾಗ ಹೋಗೇತಿ. ಮದಿವಿಗಿಂತ ಮೊದಲಽ. ಈ ವಸ್ತಿಗೆಲ್ಲ ಗೊತ್ತೈತಿ."

"ಹೌದು," ಎಂದಳು ರುಕ್ಮವ್ವ, ಎದ್ದು ನಿಲ್ಲುತ್ತ. "ಖರೇ ಐತಿ."

ಧರೆಪ್ಪನನ್ನು ಜಯಪಾಲ ಜೀವಂತವಾಗಿ ಕಂಡವನಲ್ಲ, ಡಾಕ್ಟರರೂ ಕಂಡವರಲ್ಲ. ಎಣ್ಣೆ ಸುರಿದದ್ದು ಮೆಟ್ಟಿಲು ಜಾರಲೆಂದಷ್ಟೇ ಅಲ್ಲ, ಒಂದು ಮುಖವನ್ನು ಮುಚ್ಚಲಿಕ್ಕೆ. ಹಾಗಾದರೆ ಸುಟ್ಟದ್ದು ಯಾರನ್ನು?

"ತಲಿ ಕೆಟ್ಟದ ಈಕಿಗೆ," ಎಂದರು ತವನಪ್ಪ. ಆದರೆ ಅವರು ಆಡಿದ್ದು ಜನರಿಗಲ್ಲ. ಜೀಪಿನ ಕಡೆ ಹಿಂದೆ ಸರಿಯುತ್ತ ತಮಗೇ ಹೇಳಿಕೊಂಡಂತೆ ಇತ್ತು. ಅವರ ದಾರಿಗೆ ಧೋಂಡಪ್ಪ ಬಂದು ನಿಂತ. ಅವನ ಹಿಂದೆ ಇನ್ನಿಬ್ಬರು ರೈತರು ನಿಂತರು.

ಜಯಪಾಲ ಹೌಸಾಬಾಯಿಯ ಬಳಿ ಹೋಗಿ ಮೆಲ್ಲಗೆ ಕೇಳಿದ. "ಅಕ್ಕಾ, ಇಷ್ಟು ದಿನ ಯಾಕ ಸುಮ್ಮಿದ್ರಿ?"

"ಹೇಳಿದ್ರ ಇವರ ಕೈಯಾಗಿದ್ದ ಅವನ ಜೀವ ಹೋಗ್ತಿತ್ತು. ಎಲ್ಲಿದಾನಂತ ತಿಳಿಯೂ ತನಕ ಸುಮ್ಮಿರಬೇಕಿತ್ತು."

"ಈಗ ತಿಳೀತು?"

"ಇವತ್ತ ಮುಂಜಾನೆ ತಿಳೀತು. ಬಾಗಲದಾಗ ಕುಂತ ಆಳುಗಳು ಅವನಿಗೆ ಬುತ್ತಿ ಒಯ್ಯೂ ಮಾತು ಆಡಿದ್ರು."

ಅವಳು ಪತ್ತೇದಾರನನ್ನು ದಾಟಿ, ಫೌಜದಾರನನ್ನು ದಾಟಿ, ತವನಪ್ಪನವರ ಎದುರಿಗೆ ನಿಂತಳು. ಅವಳ ತಲೆ ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅವಳು ಮುಖ ಎತ್ತಿ ನೋಡಿದಳು.

"ನನ್ನ ಗಂಡ ಎಲ್ಲಿದಾನಂತ ಇವರಿಗೆ ನಾ ಹೇಳ್ಲೋ, ಚೇರಮನ್ನರ, ಇಲ್ಲ ನೀವಽ ಹೇಳ್ತೀರೋ?"